ಕಿತ್ತಿಟ್ಟ ಅರೆಸ್ಟರ್

ಚಿಕ್ಕೋಡಿ ವಿದ್ಯುತ್ ಕಚೇರಿಯ ಸಾಲಿನಲ್ಲಿ ಸುಗಂಧಾಳ ಮುಂದಿದ್ದ ಅಂಕಲಿಯ ಗಿರಿಜವ್ವ, ಸುಟ್ಟು ಕರಕಾದ ಪಿಂಗಾಣಿ ತುಂಡೊಂದನ್ನು ಮೇಜಿನ ಮೇಲಿಟ್ಟಳು. ಆಚೆ ಕುಳಿತಿದ್ದವನು ಮೊದಲು ಅಂಕಲಿಯಲ್ಲೇ ಲೈನ್‌ಮನ್ ಆಗಿದ್ದ ಲಗಮಣ್ಣ.

“ಇದೇನ ಆಯಿ?”

“ಸಿಡಲಿನ ಹೊಡ್ತ ತಡಿಯೂ ಅರೆಸ್ಟರ್. ನಮ್ಮ ಪಂಪಿನ ಬೋರ್ಡಿನಾಗಿಂದು ನೀನ ಕಿತ್ತೀಯಲ್ಲ.”

“ಸುಟ್ಟಿತ್ತು. ಕಬ್ಬಿಗೆ ನೀರಿನ ಪಾಳಿ ತಪ್ಪತೈತಿ, ನೇರ ವೈರ್ ಜೋಡಸು ಅಂದಾಂವ ನಿನ್ನ ಮಗನ.”

“ಹೊಸಾದ್ದಕ್ಕ ಅರ್ಜಿನೂ ಅಂವನ ಬರದಿದ್ದ.”

“ಸ್ಟಾಕ್ ಬಂದಿಲ್ಲ.”

“ಫ್ಯಾಕ್ಟರಿ ಚೇರ್ಮನ್ನರ ಬಂಗ್ಲೇಕ ಬಂತಲ್ಲ!”

“ನಾ ಏನ ಮಾಡ್ಲಿ? ಮಗನ್ನ ಕಳಸು, ಸಹಿ ಬೇಕು.”

“ಸೋಮವಾರ ಸಿಡಲ ಬಡದಾಗ ಅವನ ಕೈ ಸ್ಟಾರ್ಟರ್ ಮ್ಯಾಲಿತ್ತೋ ಯಪ್ಪಾ. ಮಣ್ಣ ಮಾಡಿ ಬಂದೀನಿ.”

ಲಗಮಣ್ಣ ಕುರ್ಚಿ ಬಿಟ್ಟೆದ್ದ.

“ಆ ಅರ್ಜಿ ವಾಪಸ್ ಕೊಡು. ಮನ್ಯಾಗ ಅವನ ಕೈಲೆ ಬರದದ್ದು ಮತ್ತೊಂದಿಲ್ಲ.”

ಅವನು ಹುಡುಕಿ ಕೊಟ್ಟ ಹಾಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗಿರಿಜವ್ವ ಹೊರಟಳು. ಸುಗಂಧಾಳ ಕೈಯಲ್ಲಿದ್ದುದೂ ಅರೆಸ್ಟರಿನ ಅರ್ಜಿಯೇ.