ನೀಲಾಂಬಿಕಾಳ ಹಾಜರಿ

ಲಗ್ಗೆರೆಯ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಊರ್ಮಿಳಾಳ ಪಕ್ಕಕ್ಕೇ ನಿಂತಿದ್ದ ಕಾಲೇಜು ಹುಡುಗಿ, ಕೊರಳಲ್ಲಿ ಗಾರ್ಮೆಂಟ್ಸ್ ಕಾರ್ಡು ಹಾಕಿದ್ದ ಹೆಂಗಸೊಬ್ಬಳಿಗೆ ಫೋನೊಂದನ್ನು ಚಾಚಿದಳು.

“ತಗೊಳ್ಳಿ ಆಂಟಿ, ನೀಲಾ ಫೋನು.”

“ಮನಿ ತುಂಬಾ ಹುಡುಕೀವಿ. ನಿನ್ನ ಹತ್ರ ಹೆಂಗ ಬಂತವ್ವಾ?”

“ಫ್ಯಾಕ್ಟ್ರಿ ಒಳಗೆ ಫೋನ್ ಬಿಡಲ್ವಲ್ಲ, ಕೆಲಸಕ್ಕೆ ಹೋಗೋವಾಗ ನನಗೆ ಕೊಟ್ಟು ಹೋಗ್ತಿದ್ಲು. ಆನ್‌ಲೈನ್ ಕ್ಲಾಸಲ್ಲಿ ಅವಳ ಹಾಜರಿ ನಾನೇ ಹೇಳ್ತಿದ್ದೆ.”

“ಮಗಳು ಸತ್ತು ತಿಂಗಳಾತು. ಕಾಲೇಜಿನ್ಯಾಗ ಹೇಳಿಲ್ಲೇನು?”

“ಇಲ್ಲ. ಮಣ್ಣು ಮಾಡಿ ಬಂದ ಮಾರನೇ ದಿನಾನೇ ಮೇಡಂ ಅವಳ ಹೆಸ್ರು ಕೂಗಿದ್ರು. ಹೇಳೋಕೆ ಬಾಯೇ ಬರ್ಲಿಲ್ಲ. ಪ್ರೆಸೆಂಟ್ ಅಂದ್ಬಿಟ್ಟೆ.”

“ಆಮ್ಯಾಲೆ?”

“ದಿನಾ ಅಂತಾನೇ ಇದೀನಿ. ಕ್ಯಾಮೆರಾ ಆಫ್ ಇರುತ್ತೆ, ಯಾರಿಗೂ ಗೊತ್ತಾಗಿಲ್ಲ. ತಪ್ಪಾಯ್ತು ಆಂಟಿ. ನಾಳೆ ಹೇಳ್ಬಿಡ್ತೀನಿ.”

ಇನ್ನು ಬೈಗುಳ ಬೀಳುತ್ತದೆಂದು ಊರ್ಮಿಳಾ ಮುಖ ತಿರುಗಿಸಿಕೊಂಡಳು. ಹೆಂಗಸು ಫೋನನ್ನು ಸೆರಗಿನಿಂದ ಒರೆಸಿ ಹುಡುಗಿಯ ಕೈಗೇ ವಾಪಸು ಇಟ್ಟಳು.

“ಪೂರ್ತಿ ಹೆಸ್ರು ಕೂಗ್ತಾರ?”

“ಹೂಂ. ನೀಲಾಂಬಿಕಾ ಸಂಗಣ್ಣ ಅಂತ.”

“ಎಷ್ಟೊತ್ತಿಗೆ?”

“ಹತ್ತಕ್ಕೆ.”

“ನಾಳೆ ರಜಾ ಹಾಕಿ ನಿಮ್ಮನಿಗೆ ಬರ್ತೀನಿ. ನಂಗೂ ಒಮ್ಮೆ ಕೇಳಸು. ಆಮ್ಯಾಲೆ ಬೇಕಾದ್ರ ಹೇಳು.”

ಪೀಣ್ಯದ ಬಸ್ಸು ಬಂತು, ಹೆಂಗಸು ಹತ್ತಿದಳು. ಹುಡುಗಿ ಎರಡು ಫೋನುಗಳನ್ನೂ ಒಂದೇ ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿದಳು.