ಗೋಡೆಗೆ ಆನಿಸಿ ಕೂಡ್ರಿಸಿದ್ದು

ಮುಂಡಗೋಡ ಬಸ್ ನಿಲ್ದಾಣದಲ್ಲಿ ತಾಂಡಾದ ಟೆಂಪೋ ಕಾಯುತ್ತಿದ್ದ ಲಾಲಿಬಾಯಿಯ ಕಣ್ಣು, ಪಕ್ಕದಲ್ಲಿ ಕೂತವನ ತೊಡೆಯ ಮೇಲಿನ ಏಕತಾರಿಯ ಮೇಲೆ ನೆಟ್ಟಿತ್ತು. ಆ ದನಿ ಕೇಳಿದರೆ ಎಂಥ ಸಂಕಟವೂ ತಣ್ಣಗಾಗುತ್ತದೆಂದು ಅವಳ ನಂಬಿಕೆ. ಒಮ್ಮೆ ಮೀಟಪ್ಪಾ ಎನ್ನಬೇಕು, ಅಷ್ಟರಲ್ಲಿ ದಾಂಡೇಲಿ ಬಸ್ಸಿನಿಂದ ಅವನ ಅಕ್ಕ ಇಳಿದು ಬಂದಳು.

“ಅವ್ವ ಗಂಜಿ ಬಿಟ್ಟಿದ್ಯಾಕೋ, ಸಂಜೀವಾ?”

“ನಿದ್ದಿ ಇಲ್ದ ಒದ್ದಾಡತಿದ್ಲಕ್ಕ. ಇಂಪಾದದ್ದು ಕಿವಿಗೆ ಬಿದ್ರ ಸಮಾಧಾನ ಆದೀತು ಅಂತ ಭಜನಿಯವ್ರನ್ನ ಮನೀಗೆ ಕರಸಿದೆ.”

“ಮಲಗಿದಲ್ಲೇ ಕೇಳಿದ್ಲೇನು?”

“ಇಲ್ಲ. ಚಂದಂಗ ಕೇಳ್ಲಿ ಅಂತ ಗ್ವಾಡಿಗೆ ಆನಿಸಿ ಕೂಡ್ರಿಸಿದ್ವಿ.”

“ಕೂಡ್ರಿಸಿ, ಎದುರಿಗೆ ಭಜನಿ ಹಚ್ಚಿದಿ? ನಮ್ಮೊಳಗ ಯಾರನ್ನ ಹಂಗ ಕೂಡ್ರಸ್ತಾರೋ?”

“ಸತ್ತವ್ರನ್ನ. ಆಗ ನನಗ ಹೊಳೀಲಿಲ್ಲಕ್ಕ.”

“ಅವ್ವ ಏನಂದ್ಲು?”

“ಹಿರೇಮಗಳು ಬರೂತನಕ ಮಣ್ಣು ಮಾಡಬ್ಯಾಡ್ರಿ ಅಂದ್ಲು. ಅವತ್ತಿಂದ ಒಂದು ಗುಟುಕು ಇಳಿದಿಲ್ಲ. ನೀ ಬದುಕೀದಿ ಅಂತ ಎಷ್ಟು ಹೇಳಿದ್ರೂ ನಂಬವಲ್ಲಳು.”

“ಹಂಗಾರ ಈಗ ನಾ ಹೋಗಿ ಎದುರಿಗೆ ನಿಂತ್ರ?”

ಅವರೂರಿನ ಬಸ್ಸು ಬಂತು. ಅವನು ಏಕತಾರಿ ಹಿಡಿದು ಎದ್ದ.

“ಇದು ಪಾಳಾದ ಭಜನಿಯವ್ರದು. ದಾರ್‍ಯಾಗ ಕೊಟ್ಟು ಹೋಗೂಣು, ಅಕ್ಕ. ಕಣ್ಣಿಲೆ ನೋಡಾಕಾಗವಲ್ದು.”

“ಇರ್ಲಿ ಬಿಡೋ. ಮತ್ತ ಬೇಕಾಗತೈತಿ.”

ಹತ್ತುವಾಗ ಬಾಗಿಲಿಗೆ ತಾಗಿ ತಂತಿ ಮಿಡಿಯಿತು. ಎಷ್ಟು ಇಂಪು ಎನಿಸಿತು ಲಾಲಿಬಾಯಿಗೆ! ಅಕ್ಕ ಗಬಕ್ಕನೆ ಅಂಗೈ ಒತ್ತಿ ಅದನ್ನು ಸುಮ್ಮನಾಗಿಸಿದಳು.