ಕೊಂಬೆ ಕಡಿಯದ ಪೈನ್ ಮರ

ಹಿಡಿದ ಮಳೆ ಬಿಡುವ ಸೂಚನೆಯೇ ಇರಲಿಲ್ಲ. ಫಿನ್‌ಲೆಂಡಿನ ಸಾವೊ ಸೀಮೆಯ ಆ ಕಾಡಿನಲ್ಲಿ, ಕೆರೆಯ ದಂಡೆಗಿದ್ದ ಮರಗೆಲಸದವರ ಬಿಡಾರದೊಳಗೆ ಒದ್ದೆ ಕಾಲುಚೀಲಗಳೆಲ್ಲ ಒಲೆಯ ಮೇಲಿನ ದಾರದಲ್ಲಿ ನೇತಾಡುತ್ತಿದ್ದವು. ಸೌನಾದ ಬಿಸಿಯಾವಿಯಲ್ಲಿ ಬೆವರು ಬಸಿದು ಬಂದ ಗಂಡಸರು ಅವುಗಳ ಕೆಳಗೇ ಕೂತು, ಮೀನು ತುಂಬಿ ಸುಟ್ಟ ರೊಟ್ಟಿಯನ್ನು ಕತ್ತರಿಸಿಕೊಂಡು ತಿನ್ನುತ್ತ ಹರಟುತ್ತಿದ್ದರು. ಕೆಲಸವಿಲ್ಲದ ದಿನ ಬಾಯಿಗೆ ಬಿಡುವಿರುವುದಿಲ್ಲ. ರೇನೊ ಒಬ್ಬ ಮಾತ್ರ ಮೂಗಿನ ಮೇಲೆ ಸಿಟ್ಟು ಇಟ್ಟುಕೊಂಡು ಕೂತಿದ್ದ.

ಅವನ ಸಿಟ್ಟೆಲ್ಲ ಟ್ರ್ಯಾಕ್ಟರಿಗೆ ಕೂರಿಸಿದ್ದ ಕಬ್ಬಿಣದ ಚಾವಣಿಯ ಮೇಲೆ. ಸೀಟಿನ ಸುತ್ತ ನಾಲ್ಕು ಕಂಬ, ಮೇಲೊಂದು ದಪ್ಪ ತಗಡು. ಒತ್ತಾಗಿ ಬೆಳೆದ ಸ್ಪ್ರೂಸ್ ಮರಗಳ ನಡುವೆ ನುಗ್ಗಿದರೆ ತಗ್ಗಿನ ಕೊಂಬೆಗಳೆಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತಿದ್ದವು. ಇಳಿಯಬೇಕು, ಕಡಿಯಬೇಕು, ಮತ್ತೆ ಹತ್ತಬೇಕು. ಬೇರೆ ಊರಿನಿಂದ ಹೊಸದಾಗಿ ಬಂದು ಸೇರಿದವನು ಬೇರೆ; ಎಳೆದು ತಂದ ದಿಮ್ಮಿಗಳ ರಾಶಿ ಎಲ್ಲರದಕ್ಕಿಂತ ಇವನದೇ ಸಣ್ಣದಾಗಿ ಕಂಡಾಗ ಅವನಿಗೆ ಅವಮಾನವಾಗುತ್ತಿತ್ತು.

"ಮಳೆ ನಿಲ್ಲಲಿ, ಆ ಟೋಪೀನ ಬಿಚ್ಚಿ ಬಿಸಾಕ್ತೀನಿ," ಎಂದ. "ಕಾಡಲ್ಲಿ ಕೆಲಸ ಮಾಡೋ ಗಂಡಸಿಗೆ ಕೊಡೆ ಯಾಕೆ?"

"ಬಿಚ್ಚು ಬಿಚ್ಚು. ನಿನ್ನ ತಲೆ ಮೇಲೆ ಕೊಂಬೆ ಬಿದ್ರೆ ಮುರಿಯೋದು ಕೊಂಬೇನೇ," ಎಂದ ಗರಗಸದ ಅರ್ವೊ. ಎಲ್ಲರೂ ನಕ್ಕರು.

ಇಂಪಿ ಅಜ್ಜಿ ನಗಲಿಲ್ಲ. ಬಿಡಾರದ ಅಡುಗೆ ಅವಳದು. ವಯಸ್ಸು ಎಪ್ಪತ್ತು ದಾಟಿದ್ದರೂ ಕಾಫಿಯ ದೊಡ್ಡ ಕೆಟಲನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದಳು, ಅವಳ ನಾಲಿಗೆಗೆ ಯಜಮಾನರೂ ಹೆದರುತ್ತಿದ್ದರು. ಅವಳು ಕೆಟಲನ್ನು ಒಲೆಯಿಂದ ಇಳಿಸಿ, ರೇನೊನ ಎದುರಿಗೇ ಸ್ಟೂಲು ಎಳೆದುಕೊಂಡು ಕೂತು, ಸಕ್ಕರೆಯ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಒಂದು ಗುಟುಕು ಕಾಫಿ ಹೀರಿದಳು. ಆಮೇಲೆ ಶುರುಮಾಡಿದಳು.

"ಬಿಚ್ಚು ಮಗನೆ, ಯಾರು ಬೇಡ ಅಂದೋರು? ಮೀಸೆ ಬಂದೋನಿಗೆ ದೇಶ ಕಾಣಲ್ವಂತೆ... ನನ್ನ ಗಂಡ ತೌನೊಗೂ ಮೀಸೆ ಇತ್ತು. ಆದ್ರೆ ನಿನ್ನ ಥರ ಜಂಬದೋನಲ್ಲ, ಬಲು ಸಾಧು. ಇದೇ ಕಾಡಲ್ಲಿ ಆಪೆಲಿ ಅಂತ ಯಜಮಾನ ಇದ್ದ, ಅವನ ಟ್ರ್ಯಾಕ್ಟರ್ ಓಡಿಸ್ತಿದ್ದ. ಆಗ ಯಾವ ಟ್ರ್ಯಾಕ್ಟರಿಗೂ ತಲೆ ಮೇಲೆ ಏನೂ ಇರ್ತಿರಲಿಲ್ಲ. ಇವನೇ ಕಮ್ಮಾರನ ಹತ್ರ ಕೂತು, ಹಳೇ ಕಬ್ಬಿಣ ಜೋಡಿಸಿ, ಬೋಲ್ಟ್ ಹಾಕಿ ಒಂದು ಚಾವಣಿ ಮಾಡಿಸ್ಕೊಂಡು ಬಂದ. ಎಷ್ಟು ಖುಷಿ ಅಂತೀರಾ ಅವನಿಗೆ! ನನ್ನ ಕರ್ಕೊಂಡು ಹೋಗಿ ಅದರ ಕೆಳಗೆ ಕೂರಿಸಿ, ತಾನು ಮೇಲೆ ಹತ್ತಿ ಕುಣಿದು ತೋರಿಸ್ದ...

"ಆಪೆಲಿ ನೋಡ್ದ. ಏನಂದ ಗೊತ್ತಾ? ಕೊಂಬೆ ಸಿಕ್ಕಾಕ್ಕೊಳ್ಳುತ್ತೆ, ಕೆಲಸ ನಿಲ್ಲುತ್ತೆ, ನೀನೇನು ಮದುಮಗಳಾ ಚಪ್ಪರದ ಕೆಳಗೆ ಕೂರೋಕೆ ಅಂದ. ಬಿಚ್ಚಿಸ್ದ. ಬಿಚ್ಚಿಸಿ ಸುಮ್ನಿದ್ನಾ? ಒಳ್ಳೇ ತಗಡು ದಂಡ ಆಗಬಾರ್ದು ಅಂತ ತಗೊಂಡು ಹೋಗಿ ತನ್ನ ಕೋಳಿಗೂಡಿನ ಮೇಲೆ ಕೂರಿಸ್ದ. ಕೋಳಿಗೆ ಸೂರಾಯ್ತು... ನನ್ನ ಗಂಡನಿಗೆ ಬರೀ ಆಕಾಶ.

"ಬರ್ಚ್ ಎಲೆ ಉದುರೋ ಕಾಲ ಅದು. ದಾರಿಗೆ ಅಡ್ಡವಾಗಿ ಒಂದು ಒಣ ಬರ್ಚ್ ನಿಂತಿತ್ತು. ನಮ್ಮೋರ ಬುದ್ಧಿ ಗೊತ್ತಲ್ಲ? ಒಣಮರಕ್ಕೆ ಯಾರು ಗರಗಸ ಹಾಕ್ತಾ ಕೂರ್ತಾರೆ, ಟ್ರ್ಯಾಕ್ಟರ್ ಮೂತಿ ಇಟ್ಟು ತಳ್ಳಿದ್ರಾಯ್ತು ಅಂತಾರೆ... ನೀವೂ ತಳ್ತೀರಿ, ತಲೆ ತಗ್ಗಿಸ್ಬೇಡಿ. ಬುಡ ತಳ್ಳಿದ್ರೆ ತುದಿ ಎತ್ತ ಹೋಗುತ್ತೆ? ಮುಂದಕ್ಕೆ ಅಂತೀರಾ? ಹಸಿಮರ ಹೋಗುತ್ತೆ. ಲಡ್ಡು ಹಿಡಿದ ಬರ್ಚಿಗೆ ತೊಗಟೆ ಒಂದೇ ಗಟ್ಟಿ, ಒಳಗೆಲ್ಲ ಹಿಟ್ಟು. ತೌನೊನೂ ಹಂಗೇ ತಳ್ದ. ಬುಡ ಅಲ್ಲಾಡ್ತು, ತುದಿ ಲಟಕ್ ಅಂತ ಮುರಿದು ಹಿಂದಕ್ಕೆ ಬಂತು. ತಳ್ಳಿದೋನ ಮೇಲೇ ಬಂತು. ಕೂಗೋಕೂ ಪುರುಸೊತ್ತು ಸಿಗಲಿಲ್ಲವಂತೆ. ನಾನು ಓಡಿ ಹೋಗೋ ಹೊತ್ತಿಗೆ ಇಂಜಿನ್ ಇನ್ನೂ ಓಡ್ತಾನೇ ಇತ್ತು."

ಅಜ್ಜಿ ಕಾಫಿಯನ್ನು ಕೆಳಗಿಟ್ಟಳು. ಬಿಡಾರದ ಮಾಡಿನ ಮೇಲೆ ಮಳೆ ಜೋರಾಯಿತು. ರೇನೊ ಕೈಯಲ್ಲಿದ್ದ ರೊಟ್ಟಿಯನ್ನು ತಿನ್ನುವುದು ಮರೆತಿದ್ದ.

"ಈಗ ಕೇಳಿ. ನಮ್ಮ ಸೀಮೇಲಿ ಹೆಣ ಚರ್ಚಿಗೆ ಹೋಗೋವಾಗ ದಾರೀಲಿ ಒಂದು ಪೈನ್ ಮರದ ಹತ್ರ ನಿಲ್ತೀವಿ. ಸತ್ತೋರ ಹೆಸರಲ್ಲಿ ಕೆಳಗಿನ ಕೊಂಬೆ ಕಡಿದು, ತೊಗಟೆ ಸವರಿ, ಹೆಸರು ಇಸವಿ ಕೆತ್ತುತೀವಿ. ಯಾಕೆ? ಸತ್ತೋರಿಗೆ ತಾವು ಸತ್ತಿದ್ದು ಗೊತ್ತಿರಲ್ಲ, ಪಾಪ. ಎದ್ದು ಮನೆ ಕಡೆ ಹೊರಟುಬಿಡ್ತಾರೆ. ದಾರೀಲಿ ಆ ಮರ ಕಾಣುತ್ತೆ, ತನ್ನ ಹೆಸರು ಕಾಣುತ್ತೆ, ಓಹೋ ನನ್ನ ಕತೆ ಮುಗೀತು ಅಂತ ತಿರುಗಿ ಹೋಗಿ ಮಲಕ್ಕೊಳ್ತಾರೆ. ನಗ್ತೀರಾ? ನಗಿ. ಆಪೆಲಿ ನಗಲಿಲ್ಲ, ಹೆಣದ ಮುಂದೆ ಅಡ್ಡ ನಿಂತ. ಮರ ಅವನ ಜಮೀನಲ್ಲಿತ್ತು. ಒಳ್ಳೇ ಹಲಗೆ ಆಗೋ ಮರ, ಗಾಯ ಮಾಡ್ಬೇಡಿ ಅಂದ. ಸುಳ್ಳು! ತೌನೊ ಹೆಸರು ದಾರಿ ಪಕ್ಕ ಕೆತ್ತಿದ್ರೆ ಚರ್ಚಿಗೆ ಹೋಗೋರೆಲ್ಲ ಓದ್ತಾರೆ, ಹೆಂಗೆ ಸತ್ತ ಅಂತ ಕೇಳ್ತಾರೆ... ಅದಕ್ಕೆ. ಪಾದ್ರಿನೂ ಅವನ ಮಾತಿಗೇ ತಲೆಯಾಡಿಸ್ದ. ಆವತ್ತು ನನ್ನ ಹೊಟ್ಟೆಗೆ ಬಿದ್ದ ಬೆಂಕಿ ಇವತ್ತಿಗೂ ಆರಿಲ್ಲ.

"ಮರದಲ್ಲಿ ಹೆಸರಿಲ್ಲ ಅಂದ್ಮೇಲೆ ಅವನಿಗೆ ತಿಳಿಸೋರು ಯಾರು? ಬಂದ... ನಾನು ಆಲೂಗಡ್ಡೆ ಕೀಳ್ತಿದ್ದೆ, ಬೆಳಕು ಇನ್ನೂ ಚೆನ್ನಾಗೇ ಇತ್ತು. ಬೇಲಿ ಆಚೆ ನಿಂತಿದ್ದ. ಕೈಲಿ ಸ್ಪ್ಯಾನರ್. ತಲೆ ಒಂದು ಕಡೆಗೆ... ಬೇಡ, ಅದನ್ನ ಹೇಳಲ್ಲ. 'ಇಂಪಿ, ಚಾವಣಿ ಎಲ್ಲಿಟ್ರೇ?' ಅಂದ. ಕಾಫಿ ಕೇಳಲಿಲ್ಲ, ನೀನು ಹೆಂಗಿದೀಯ ಅಂತ ಕೇಳಲಿಲ್ಲ. ಏನು ಹೇಳ್ಬೇಕಿತ್ತು ನಾನು? 'ಆಪೆಲಿ ಕೋಳಿಗೂಡಿನ ಮೇಲಿದೆ ಕಣೋ' ಅಂದೆ. ನಿಧಾನಕ್ಕೆ ಆ ಕಡೆಗೆ ನಡೆದ.

"ಆವತ್ತಿಂದ ಕೋಳಿಗೂಡಿನ ಮೇಲೆ ಸದ್ದು. ಕಿರ್... ಕಿರ್... ಬೋಲ್ಟ್ ತಿರುಗಿಸೋ ಸದ್ದು. ಆಪೆಲಿ ಕೋವಿ ಹಿಡ್ಕೊಂಡು ಓಡಿ ಬಂದ್ರೆ ಯಾರೂ ಇಲ್ಲ, ಬಿಚ್ಚಿದ ಬೋಲ್ಟು ಮಾತ್ರ ಸಾಲಾಗಿ ಜೋಡಿಸಿಟ್ಟಿರ್ತಿತ್ತು. ನನ್ನ ಗಂಡ ಬಲು ಅಚ್ಚುಕಟ್ಟು! ಕೋಳಿ ಮೊಟ್ಟೆ ಇಡೋದು ನಿಲ್ಲಿಸಿದ್ವು, ಆಳುಗಳು ಬಿಟ್ಟು ಹೋದ್ರು. ಕೊನೆಗೆ ಆ ದೊಡ್ಡ ಮನುಷ್ಯ ಟೋಪಿ ಕೈಲಿ ಹಿಡ್ಕೊಂಡು ನನ್ನ ಬಾಗಿಲಿಗೆ ಬಂದ. 'ಕಡಿಯಮ್ಮ ಇಂಪಿ, ಬೇಕಾದಷ್ಟು ಕೆತ್ಕೊ, ಅವನನ್ನ ವಾಪಸ್ ಕಳಿಸು' ಅಂತ. ಮೊದ್ಲು ಚಾವಣಿ ಟ್ರ್ಯಾಕ್ಟರ್ ಮೇಲೆ ಹೋಗ್ಲಿ ಅಂದೆ. ಮಾರನೇ ದಿನವೇ ಹೋಯ್ತು.

"ಕೊಡಲಿ ತಗೊಂಡು ಮರದ ಹತ್ರ ಹೋದೆ. ತೌನೊ ಅಲ್ಲೇ ನಿಂತಿದ್ದ. ಸುಸ್ತಾಗಿದ್ದ ಪಾಪ, ನಿಂತಲ್ಲೇ ತೂಕಡಿಸ್ತಿದ್ದ. ಮಲಕ್ಕೊ ನನ್ನಪ್ಪ ಅಂತ ಕೊಡಲಿ ಎತ್ತಿದೆ. ಅಷ್ಟೊತ್ತಿಗೆ ಸುಲೊ ಬಂದ. ತೌನೊ ಜಾಗಕ್ಕೆ ಸೇರಿದ ಡ್ರೈವರ್, ಹೊಸದಾಗಿ ಮದುವೆ ಆದೋನು, ಶಿಳ್ಳೆ ಹಾಕ್ಕೊಂಡು ಅದೇ ಚಾವಣಿ ಕೆಳಗೆ ಕೂತು ಬಂದ. 'ಇಂಪಕ್ಕಾ, ಬೇಗ ಕಡಿ. ನಿನ್ನ ಕೆಲಸ ಮುಗೀತಿದ್ದಂಗೆ ಇದನ್ನ ಬಿಚ್ಚು ಅಂದಿದ್ದಾರೆ ಯಜಮಾನ್ರು' ಅಂದ. ನಗ್ತಾ ಅಂದ! ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರೂ ಡೊಂಕೇ ಅಲ್ವಾ?

"ಕೊಡಲಿ ಇಳಿಸಿದೆ. ನನ್ನ ಗಂಡ ಕಣ್ಣು ಬಿಟ್ಟು ನೋಡ್ದ. ನಾನು ಅಳ್ತಿದ್ದೆ. 'ನಿನ್ನ ಮಲಗಿಸೋಕಾಗಲ್ಲ ಕಣೋ ತೌನೊ... ಹೋಗು, ಕೆಲಸ ನೋಡು' ಅಂದೆ. ಅವನು ಟ್ರ್ಯಾಕ್ಟರ್ ಹಿಂದೆ ನಡ್ಕೊಂಡು ಹೋದ. ಆವತ್ತು ಬಿಚ್ಚಿದ ಚಾವಣಿ ಬೆಳಗಾಗೋದ್ರೊಳಗೆ ವಾಪಸ್ ಕೂತಿತ್ತು. ಆಪೆಲಿ ಮತ್ತೆ ಬಿಚ್ಚಿಸ್ದ, ಮತ್ತೆ ಕೂತಿತ್ತು. ಸೋತ. ಆ ಚಳಿಗಾಲದಲ್ಲೇ ಒಣಕೊಂಬೆಯೊಂದು ಸುಲೊ ತಲೆ ಮೇಲೆ ಬಂತು. ತಗಡು ತಗ್ಗಾಯ್ತು, ಸುಲೊ ಮನೆಗೆ ಹೋಗಿ ಗಂಜಿ ಉಂಡ. ಈಗ ಅವನ ಮೊಮ್ಮಕ್ಕಳು ಈ ಕೆರೇಲಿ ಈಜ್ತವೆ. ನನ್ನ ಗಂಡ ಮಾತ್ರ ಇನ್ನೂ ಮಲಗಿಲ್ಲ."

ರೇನೊನ ಕಣ್ಣು ಕಿಟಕಿಯ ಕಡೆ ಹೋಗಿ, ಹೊರಗೆ ಮಳೆಯಲ್ಲಿ ನಿಂತಿದ್ದ ತನ್ನ ಟ್ರ್ಯಾಕ್ಟರನ್ನು ನೋಡಿ, ಬೇಗನೆ ಹಿಂದಕ್ಕೆ ಬಂತು. ಅವನಿಗೆ ಭಯಕ್ಕಿಂತ ಹೆಚ್ಚಾಗಿ ಸಂಕಟವಾಗಿತ್ತು.

"ಈಗ ಆಪೆಲಿನೂ ಇಲ್ಲ, ಅಡ್ಡ ಬರೋರು ಯಾರು ಅಜ್ಜಿ?" ಎಂದ. "ಇನ್ನಾದ್ರೂ ಕಡೀಬೋದಲ್ಲ? ಬೇಕಾದ್ರೆ ಕೊಡಲಿ ತಗೊಂಡು ನಾನೇ ಬರ್ತೀನಿ."

"ಕಡೀಬೋದು. ವರ್ಷಾ ವರ್ಷಾ ಅಂದ್ಕೊಳ್ತೀನಿ. ಈ ಸಲ ಕಡಿಯೋಣ, ಅವನೂ ಮಲಗ್ಲಿ, ನಂಗೂ ವಯಸ್ಸಾಯ್ತು ಅಂತ... ಅಷ್ಟರಲ್ಲಿ ಎಲ್ಲಿಂದಲೋ ನಿನ್ನಂಥೋನೊಬ್ಬ ಬಂದು ಸ್ಪ್ಯಾನರ್ ಕೇಳ್ತಾನೆ." ಅಜ್ಜಿ ಎದ್ದು ಕೆಟಲನ್ನು ಮತ್ತೆ ಒಲೆಯ ಮೇಲಿಟ್ಟಳು. "ಊರಲ್ಲೆಲ್ಲ ಹೇಳಿಟ್ಟಿದ್ದೀನಿ. ನಾನು ಸತ್ರೆ ನನ್ನ ಹೆಸರಲ್ಲೂ ಒಂದು ಕೊಂಬೆ ಮುಟ್ಬೇಡಿ, ಇಬ್ರೂ ಓಡಾಡ್ಕೊಂಡಿರ್ತೀವಿ ಅಂತ. ಆದ್ರೆ ಒಂದು ತಿಳ್ಕೊ ಮಗನೆ... ತೌನೊ ಸಾಧು. ಯಾರು ಬಿಚ್ಚಿದ್ರೂ ಬಯ್ಯಲ್ಲ, ಸುಮ್ನೆ ಬಿಗಿದು ಹೋಗ್ತಾನೆ. ನಾನು ಬೋಲ್ಟಿನ ಹತ್ರ ಹೋಗೋಳಲ್ಲ. ಬಿಚ್ಚಿದೋನ ಹತ್ರಾನೇ ಬರ್ತೀನಿ. ಅದಕ್ಕೇ ಹೇಳೋದು... ಬಿಚ್ಚೋದಿದ್ರೆ ನಾನು ಬದುಕಿರೋವಾಗಲೇ ಬಿಚ್ಚಿಬಿಡು."